ಚೌಡಿ ತಿರುವಿನ ಗಂಟೆ

ಮನುಷ್ಯರೆಲ್ಲ ಒಂದಲ್ಲ ಒಂದು ದಿನ ಸಾಯುತ್ತಾರೆ ಎಂಬ ಸಮಾಚಾರವನ್ನು ಮನೆಮನೆಗೆ ತಲುಪಿಸಿ, ಅವರು ಕೊಟ್ಟ ಕಾಫಿ ಕುಡಿದು ಬರುವುದು ನನ್ನ ವೃತ್ತಿ. ಜನ ಇದಕ್ಕೆ ಜೀವವಿಮೆಯ ಏಜೆಂಟಿಕೆ ಎನ್ನುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳಲ್ಲಿ ನನ್ನ ಸ್ಕೂಟರಿನ ಸದ್ದು ಕೇಳಿ ಹಿತ್ತಿಲ ಬಾಗಿಲಿನಿಂದ ಹೊರಟುಹೋಗದ ಗೃಹಸ್ಥರು ಬಹಳ ಕಡಿಮೆ. ಅದಕ್ಕೆ ನನಗೆ ಬೇಸರವಿಲ್ಲ. ಬೇಸರ ಇರುವುದು ಬೇರೆ ಸಂಗತಿಗೆ. ಇಷ್ಟು ವರ್ಷ ಇನ್ನೊಬ್ಬರ ಮನೆಯ ಜಗಲಿಯಲ್ಲಿ ಕೂತು ಹೆದರಿಕೆಯನ್ನು ಹಂಚುತ್ತ ಬಂದವನಿಗೆ, ಹಂಚಿ ಉಳಿದದ್ದೆಲ್ಲ ಅಂಟಿಕೊಂಡುಬಿಟ್ಟಿದೆ. ಬೇರೆಯವರಿಗೆ ತೆಂಗಿನಮರ ಕಂಡರೆ ನನಗೆ ಅದರ ಬುಡದಲ್ಲಿ ನಿಂತವನ ತಲೆ ಕಾಣುತ್ತದೆ. ಮದುವೆ ಮನೆಯಲ್ಲಿ ಎಲ್ಲರೂ ವಧೂವರರನ್ನು ನೋಡುತ್ತಿದ್ದರೆ ನಾನು ಚಪ್ಪರದ ಕಂಬ ಅಲ್ಲಾಡುತ್ತದೆಯೇ ಎಂದು ನೋಡುತ್ತಿರುತ್ತೇನೆ. ನನ್ನ ಸ್ಕೂಟರಿನ ವೇಗವನ್ನು ಕುರಿತು ಇಷ್ಟೇ ಹೇಳಬಲ್ಲೆ: ಬೀದಿನಾಯಿಗಳು ಅದನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಅಟ್ಟಿಸಿಕೊಂಡು ಬಂದರೆ ನಾಯಿಯೇ ಮುಂದೆ ಹೋಗಿಬಿಡುತ್ತದೆ, ಅದಕ್ಕೆ ಅವಮಾನ. ಇಂಥ ನನ್ನನ್ನು ವಿಧಿಯು ಒಂದು ಇಳಿಜಾರಿನ ನೆತ್ತಿಯ ಮೇಲೆ ಮನೆ ಕಟ್ಟಿಸಿ ಕೂರಿಸಿದೆ.

ಕೊಪ್ಪದಿಂದ ಶೃಂಗೇರಿ ಕಡೆಗೆ ಹೋಗುವ ದಾರಿಯಲ್ಲಿ ಬರುವ ಏರು ಅದು. ಏರು ಎನ್ನುವವರು ಕೆಳಗಿನಿಂದ ಬರುವವರು. ನಮಗೆ ಅದು ಇಳಿಜಾರು. ನಮ್ಮ ಕಡೆ ಸಮತಟ್ಟಾದ ಜಾಗ ಅಂತ ಇರುವುದು ಕೇರಂ ಬೋರ್ಡಿನ ಮೇಲೆ ಮಾತ್ರ, ಅದೂ ಕೆಳಗೆ ಒಂದು ಕಾಗದ ಮಡಚಿ ಇಟ್ಟರೆ. ಈ ರಸ್ತೆಯಲ್ಲಿ ನಮ್ಮ ಮಕ್ಕಳು ಸೈಕಲ್ ಹೊಡೆಯುವ ವಿಧಾನವನ್ನು ವರ್ಣಿಸಬೇಕಾದರೆ ಗಟ್ಟಿ ಗುಂಡಿಗೆ ಬೇಕು. ಬೆಳಿಗ್ಗೆ ಶಾಲೆಗೆ ಇಳಿಯುವಾಗ ಪೆಡಲು ತುಳಿಯುವುದು ಇವರ ಘನತೆಗೆ ಕಡಿಮೆ. ಸಂಜೆ ಹತ್ತುವಾಗ ತುಳಿಯುವುದು ಇವರ ಬುದ್ಧಿಗೆ ಕಡಿಮೆ. ಬಸ್ಸೋ ಗೊಬ್ಬರದ ಲಾರಿಯೋ ಬರುವವರೆಗೆ ಕಾದು, ಅದರ ಹಿಂದಿನ ಏಣಿಯನ್ನು ಒಂದು ಕೈಯಲ್ಲಿ ಹಿಡಿದು, ಹೊಗೆ ಕುಡಿಯುತ್ತ, ಮಹಾರಾಜರ ಹಾಗೆ ಮೇಲೆ ಬರುತ್ತಾರೆ. ಒಟ್ಟಿನಲ್ಲಿ ನಮ್ಮೂರ ಸೈಕಲ್ಲುಗಳಿಗೆ ಪೆಡಲು ಇರುವುದು ಕಾಲು ಇಟ್ಟುಕೊಳ್ಳಲಿಕ್ಕೆ. ಮಳೆಗಾಲದಲ್ಲಿ ಒಂದು ಕೈಗೆ ಕೊಡೆ, ಇನ್ನೊಂದು ಕೈಗೆ ಕೊಡೆ ಹಿಡಿಯದ ಗೆಳೆಯನ ಹೆಗಲು. ಹ್ಯಾಂಡಲ್ಲಿಗೆ ಯಾವ ಕೈ ಎಂಬ ಪ್ರಶ್ನೆಯನ್ನು ನಾನು ಒಮ್ಮೆ ಕೇಳಿ, ಉತ್ತರ ಕಣ್ಣಾರೆ ಕಂಡ ಮೇಲೆ ಮತ್ತೆ ಕೇಳಲಿಲ್ಲ.

ನಾನು ಸೈಕಲ್ ಕಾಣದವನು ಎಂದು ತಿಳಿಯಬಾರದು. ಬಾಡಿಗೆ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವನೇ. ಆದರೆ ಇಳಿಜಾರು ಬಂದರೆ ಇಳಿದುಬಿಡುತ್ತಿದ್ದೆ. ಸಂತೆಯಲ್ಲಿ ಕೊಂಡ ದನವನ್ನು ಹಿಡಿದುಕೊಂಡು ಬರುವವರ ಹಾಗೆ ಸೈಕಲ್ಲಿನ ಕೊಂಬು ಹಿಡಿದು ನಿಧಾನಕ್ಕೆ ನಡೆಸಿಕೊಂಡು ಬರುತ್ತಿದ್ದೆ. ಏರು ಬಂದರೂ ಹಾಗೆಯೇ. ಮಲೆನಾಡಿನಲ್ಲಿ ಇವೆರಡನ್ನು ಬಿಟ್ಟು ಮೂರನೆಯದು ಬರುವುದಿಲ್ಲವಾದ್ದರಿಂದ, ನಾನು ಸೈಕಲ್ ಮೇಲೆ ಹೋದ ದೂರಕ್ಕಿಂತ ಸೈಕಲ್ ನನ್ನ ಜೊತೆ ನಡೆದುಕೊಂಡು ಬಂದ ದೂರವೇ ಹೆಚ್ಚು.

ಹೀಗಿರುವಾಗ ಮೊಮ್ಮಗಳು ಚಿನ್ಮಯಿಗೆ ಸೈಕಲ್ ಕೊಡಿಸುವ ಪ್ರಸ್ತಾಪ ಬಂತು. ಇವಳು ನನ್ನ ಮಗಳು ಸುಮಾಳ ಮಗಳು, ಒಂಬತ್ತನೇ ಕ್ಲಾಸು. ಸುಮಾಗೂ ಅಳಿಯನಿಗೂ ನರಸಿಂಹರಾಜಪುರದಲ್ಲಿ ಕೆಲಸ; ಇವಳು ಕೊಪ್ಪದ ಶಾಲೆಗೆ ಸೇರಿದ್ದರಿಂದ ನಮ್ಮ ಮನೆಯಲ್ಲಿದ್ದಾಳೆ. ಶಾಲೆಯ ಥ್ರೋಬಾಲ್ ತಂಡಕ್ಕೆ ಆಯ್ಕೆಯಾದದ್ದೇ ತೊಂದರೆ ಶುರುವಾಯಿತು. ಅಭ್ಯಾಸ ಇರುವುದು ಬೆಳಿಗ್ಗೆ, ನಮ್ಮೂರಿಗೆ ಕೆಳಗೆ ಹೋಗುವ ಬಸ್ಸು ಬರುವುದು ಅಭ್ಯಾಸ ಮುಗಿದ ಮೇಲೆ. ಸೈಕಲ್ ಇದ್ದರೆ ತಂಡ, ಇಲ್ಲದಿದ್ದರೆ ಇಲ್ಲ. ಹುಡುಗಿ ಅತ್ತು ಕರೆದು ಮಾಡಲಿಲ್ಲ. ಒಂದು ವಾರ ಬಾಯಿಬಿಡದೆ ಗೋಡೆಗೆ ಚೆಂಡು ಎಸೆದು ಹಿಡಿದಳು. ಧಪ್, ಧಪ್, ಧಪ್. ನಾನು ಸೋತೆ. ಸುಮಾ ಮಾತ್ರ ಸುಲಭಕ್ಕೆ ಸೋಲುವವಳಲ್ಲ.

"ಅಪ್ಪಯ್ಯ, ಆ ಇಳಿಜಾರಲ್ಲಿ ಮಕ್ಕಳು ಹ್ಯಾಗೆ ಹೋಗ್ತಾರೆ ಅಂತ ನಾನು ಬಸ್ಸಲ್ಲಿ ಕೂತು ನೋಡಿದೀನಿ. ಇವಳು ಒಂದು ದಿನ ಕೈ ಬಿಟ್ಟು ಹೊಡೆದಳು ಅಂತ ಕಿವಿಗೆ ಬಿದ್ರೂ ಸಾಕು, ಆ ಸೈಕಲ್ ಅಟ್ಟಕ್ಕೆ. ಆಮೇಲೆ ತಂಡನೂ ಇಲ್ಲ, ಮಣ್ಣೂ ಇಲ್ಲ."

"ಎಲ್ಲ ನನ್ನ ಜವಾಬ್ದಾರಿ," ಎಂದೆ. ಇನ್ನೊಬ್ಬರ ಜೀವದ ಬಗ್ಗೆ ಮಾತು ಕೊಡುವುದು ನನಗೆ ಅಭ್ಯಾಸವಾಗಿ ಹೋಗಿದೆ.

ಈಗ ಚೌಡಿಯ ವಿಷಯಕ್ಕೆ ಬರಬೇಕು. ಇಳಿಜಾರಿನ ನಡುವೆ ರಸ್ತೆ ಥಟ್ಟನೆ ಬಲಕ್ಕೆ ತಿರುಗುತ್ತದೆ. ತಿರುವಿನಲ್ಲಿ ಒಂದು ದೊಡ್ಡ ಮರ, ಬುಡದಲ್ಲಿ ಕಟ್ಟೆ, ಕಟ್ಟೆಯ ಮೇಲೆ ಕುಂಕುಮ ಮೆತ್ತಿದ ಕಲ್ಲು. ಅವಳೇ ಚೌಡಮ್ಮ. ಆ ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಚೌಡಿಗೆ ಕೈ ಮುಗಿಯದೆ ಮುಂದೆ ಹೋಗುವುದಿಲ್ಲ. ಲಾರಿಯವರು ಹಾರ್ನ್ ಹೊಡೆದು ಎದೆ ಮುಟ್ಟಿಕೊಳ್ಳುತ್ತಾರೆ. ಬಸ್ಸು ನಡೆಸುವ ಶೇಖರಣ್ಣ ಸ್ಟಿಯರಿಂಗಿನಿಂದ ಒಂದು ಕೈ ಎತ್ತಿ ಹಣೆಗೆ ಮುಟ್ಟಿಸುತ್ತಾನೆ. ಬಸ್ಸಿನೊಳಗಿನ ನಿದ್ದೆಗಣ್ಣಿನವರು ಸಹ ತಿರುವಿನ ವಾಲಾಟಕ್ಕೆ ಎಚ್ಚರಾಗಿ, ಕೈ ಮುಗಿದು, ಮತ್ತೆ ನಿದ್ದೆ ಹೋಗುತ್ತಾರೆ. ನಾನು ಸ್ಕೂಟರ್ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು ಕೈ ಮುಗಿಯುತ್ತೇನೆ. ಇಷ್ಟೆಲ್ಲ ದೊಡ್ಡವರು ಮಾಡುವುದನ್ನು ನೋಡಿಯೇ ಮಕ್ಕಳು ಬೆಳೆದದ್ದು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಒಂದು ಬೆಳಿಗ್ಗೆ ಬೇಗ ಹೊರಟಿದ್ದೆ. ಮುಂದೆ ನಮ್ಮೂರಿನ ಮಕ್ಕಳ ಸೈಕಲ್ ದಂಡು, ನಡುವೆ ಚಿನ್ಮಯಿಯ ಎರಡು ಜಡೆ. ನಾನು ಹಿಂದಿನಿಂದ ನೋಡುತ್ತಿದ್ದಂತೆ ದಂಡು ಬಿಟ್ಟ ಬಾಣದ ಹಾಗೆ ಇಳಿಯಿತು. ತಿರುವು ಬಂತು. ಆಗ, ಸ್ವಾಮಿ, ಯಾರೋ ಹುಕುಂ ಕೊಟ್ಟ ಹಾಗೆ ಎಲ್ಲರ ಎರಡೂ ಕೈಗಳು ಹ್ಯಾಂಡಲ್ ಬಿಟ್ಟು ಮೇಲೆದ್ದವು! ಎದ್ದು ತಲೆಯ ಮೇಲೆ ಜೋಡಿಸಿಕೊಂಡವು! ಮಕ್ಕಳು ಭಕ್ತಿಯಿಂದ ಕಲ್ಲಿನ ಕಡೆ ನೋಡುತ್ತಿದ್ದಾರೆ, ಸೈಕಲ್ಲುಗಳು ತಮಗೆ ತಾವೇ ಬಲಕ್ಕೆ ವಾಲಿ ತಿರುಗುತ್ತಿವೆ, ಎದುರಿಗೆ ಶೇಖರಣ್ಣನ ಬಸ್ಸು ಏರುತ್ತಿದೆ, ಶೇಖರಣ್ಣನ ಒಂದು ಕೈ ಹಣೆಯ ಮೇಲಿದೆ! ಆ ಗಳಿಗೆಯಲ್ಲಿ ಆ ತಿರುವಿನಲ್ಲಿ ದೇವರ ಮೇಲೆ ಗಮನವಿಲ್ಲದ ಪ್ರಾಣಿ ಎಂದರೆ ನಾನೊಬ್ಬನೇ. ಸೈಕಲ್ಲುಗಳು ಬಸ್ಸಿನ ಪಕ್ಕದಲ್ಲಿ ಮೀನಿನ ಮರಿಗಳ ಹಾಗೆ ನುಸುಳಿಹೋದವು. ಏನೂ ಆಗಲಿಲ್ಲ. ಆದದ್ದು ನನಗೆ. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಅಂದಿನ ಗಿರಾಕಿಗಳನ್ನೆಲ್ಲ ಕೈಬಿಟ್ಟು ಮನೆಗೆ ಬಂದೆ.

ಸಂಜೆ ವಿಚಾರಣೆ ನಡೆಯಿತು.

"ಚಿನ್ಮಯಿ, ಚೌಡಿ ತಿರುವಿನಲ್ಲಿ ಎರಡೂ ಕೈ ಬಿಟ್ಟೆಯಲ್ಲ?"

"ಬಿಡ್ಲಿಲ್ಲ ಅಜ್ಜಯ್ಯ."

"ನಾನು ಕಣ್ಣಾರೆ ನೋಡಿದೀನಿ ಮಾರಾಯ್ತಿ!"

"ಬಿಟ್ಟದ್ದಲ್ಲ, ಮುಗಿದದ್ದು. ಕೈ ಬಿಡೋದೇ ಬೇರೆ, ಕೈ ಮುಗಿಯೋದೇ ಬೇರೆ."

ನಾನು ವರಸೆ ಬದಲಿಸಿದೆ. "ಒಂದು ಕೈಯಲ್ಲಿ ಮುಗಿದರೆ ಸಾಲದಾ? ಶೇಖರಣ್ಣ ಮುಗಿಯೋದಿಲ್ವಾ?"

"ಒಂದ್ ಕೈಲಿ ಮುಗಿದ್ರೆ ದೇವರಿಗೆ ಟಾಟಾ ಮಾಡಿದ ಹಾಗೆ ಆಗ್ತದೆ ಅಂತ ಅಮ್ಮಮ್ಮ ಹೇಳಿದಾರೆ."

ಅಮ್ಮಮ್ಮ ಎಂದರೆ ನನ್ನ ಹೆಂಡತಿ ಸರೋಜ. ಅಡುಗೆಮನೆಗೆ ಹೋಗಿ ವಿಷಯ ಮಂಡಿಸಿದೆ. ಅವಳು ದೋಸೆ ಹಿಟ್ಟು ಕಲಕುವುದನ್ನು ನಿಲ್ಲಿಸಲಿಲ್ಲ. "ನಾನು ಹೇಳಿದ್ದು ಹೌದು. ಚಿಕ್ಕವಳಿದ್ದಾಗ ಒಂದೇ ಕೈ ಎತ್ತುತಿದ್ದಳು, ತಿದ್ದಿದೆ. ತಪ್ಪೆಂತದು? ಈಗ ಚೌಡಿಗೆ ಕೈ ಮುಗೀಬೇಡ ಅಂತ ನಿಮ್ಮ ಬಾಯಲ್ಲೇ ಹೇಳಿ ನೋಡುವ." ನಾನು ಹೇಳಲಿಲ್ಲ. ದಿನಾ ಅದೇ ತಿರುವಿನಲ್ಲಿ ಸ್ಕೂಟರ್ ಹೊಡೆಯುವವನು ನಾನು.

"ಹಾಗಾದರೆ ಸುಮಾಗೆ ಹೇಳ್ತೀನಿ," ಎಂದೆ.

"ಹೇಳಿ. ಸೈಕಲ್ ಅಟ್ಟಕ್ಕೆ ಹೋಗ್ತದೆ. ಆಮೇಲೆ ಕೂಸು ಗೋಡೆಗೆ ಚೆಂಡು ಎಸೀತದಲ್ಲ, ಆ ಗೋಡೆ ಇರೋದು ನೀವು ಮಲಗೋ ಕೋಣೆಯದು."

ಕೊನೆಗೆ ಚಿನ್ಮಯಿಯನ್ನು ಕೂರಿಸಿ, ಇನ್ನು ಮೇಲೆ ಎರಡೂ ಕೈ ಹ್ಯಾಂಡಲ್ ಬಿಡಬಾರದು, ಮನಸ್ಸಿನಲ್ಲೇ ಮುಗಿದುಕೊಳ್ಳಬೇಕು ಎಂದು ಭಾಷೆ ತೆಗೆದುಕೊಂಡೆ. ಅವಳು ಒಪ್ಪಿದಳು. ಆದರೆ ದಂಡಿನ ಉಳಿದ ಮಕ್ಕಳು ಕೈ ಎತ್ತಿರುವಾಗ ಇವಳೊಬ್ಬಳು ಹ್ಯಾಂಡಲ್ ಹಿಡಿದು ಹೋದರೆ "ಏ, ಇವಳಿಗೆ ದೇವರು ಇಲ್ವಂತೆ!" ಎಂದು ಅವರು ಸಂಜೆಯವರೆಗೆ ಚುಡಾಯಿಸಿದರಂತೆ. ಮೊಮ್ಮಗಳನ್ನು ಕಾಪಾಡಬೇಕಾದರೆ ದಂಡನ್ನೇ ಉದ್ಧರಿಸಬೇಕು ಎಂದು ನನಗೆ ಮನವರಿಕೆಯಾಯಿತು.

ಅವಕಾಶ ತಾನಾಗಿ ಬಂತು. ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ಮಾತಾಡಲು ಒಬ್ಬರು ಬೇಕಾಗಿದ್ದರು; ಸಾವಿನ ವಿಷಯದಲ್ಲಿ ನನಗಿರುವ ಅನುಭವವನ್ನು ಪರಿಗಣಿಸಿ ಹೆಡ್‌ಮಾಸ್ತರರು ನನ್ನನ್ನು ಕರೆದರು. ನಾನು ಕೋಟು ಹಾಕಿಕೊಂಡು ಹೋದೆ. ಮೂಳೆ ಮುರಿತದಿಂದ ಆರಂಭಿಸಿ ಮೇಲಕ್ಕೆ ಹೋದೆ. ಹೆಲ್ಮೆಟ್, ಬ್ರೇಕು, ಬಸ್ಸಿನ ಏಣಿ, ಕೊಡೆ ಎಲ್ಲವೂ ಬಂದವು. ಮಕ್ಕಳು ಎಷ್ಟು ನಿಶ್ಶಬ್ದವಾಗಿದ್ದರೆಂದರೆ ನನ್ನ ಕಂಠವೇ ನನಗೆ ಗದ್ಗದವಾಯಿತು. ಕೊನೆಗೆ ಪ್ರಶ್ನೆ ಕೇಳಿ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಸರ್, ದೇವರಿಗೆ ಕೈ ಮುಗಿಯುವಾಗ ಅಪಘಾತ ಆಗ್ತದಾ?"

ಸಭೆಯಲ್ಲಿ ಪೋಷಕರಿದ್ದರು. ಮುಂದಿನ ಸಾಲಿನಲ್ಲಿ, ಚೌಡಿಗೆ ದಿನಾ ದೀಪ ಹಚ್ಚುವ ತಿಮ್ಮಪ್ಪ ಮಗನ ಜೊತೆ ಕೂತಿದ್ದ. ಆಗುತ್ತದೆ ಎಂದರೆ ಚೌಡಿಗೆ ಅವಮಾನ, ಆಗುವುದಿಲ್ಲ ಎಂದರೆ ಮಕ್ಕಳಿಗೆ ಪರವಾನಗಿ. ನಾನು ಬಹಳ ಹೊತ್ತು ಕನ್ನಡಕ ಒರೆಸಿ, "ಅದು ವೇಗದ ಮೇಲೆ ಹೋಗ್ತದೆ," ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅವರಿಗೆ ಏನು ಅರ್ಥವಾಯಿತೋ ನನಗೆ ಇಂದಿಗೂ ಗೊತ್ತಿಲ್ಲ.

ಹೊರಗೆ ಬಂದವನೇ ತಿಮ್ಮಪ್ಪನನ್ನು ಹಿಡಿದೆ. "ತಿಮ್ಮಪ್ಪ, ಚೌಡಿಯನ್ನು ಸ್ವಲ್ಪ ಮೇಲಕ್ಕೆ, ನೇರ ರಸ್ತೆ ಇರುವಲ್ಲಿ ಕೂರಿಸಿದರೆ ಹ್ಯಾಗೆ? ನಾನೇ ಮುಂದೆ ನಿಂತು ಕಟ್ಟೆ ಕಟ್ಟಿಸ್ತೀನಿ."

ತಿಮ್ಮಪ್ಪ ನನ್ನ ಮುಖವನ್ನು ಡಾಕ್ಟರ್ ನೋಡುವ ಹಾಗೆ ನೋಡಿದ. "ಎಂತ ಮಾತು ಅಂತ ಆಡ್ತೀರಿ ಮಾರಾಯ್ರೇ! ಅಮ್ಮ ಅಲ್ಲಿ ಕೂತದ್ದೇ ತಿರುವು ಕಾಯೋದಕ್ಕೆ. ನೇರ ರಸ್ತೆಗೆ ಚೌಡಿ ಎಂತಕ್ಕೆ?" ಆಮೇಲೆ ನನ್ನ ಮುಖ ಬಾಡಿದ್ದನ್ನು ಕಂಡು ಸಮಾಧಾನ ಹೇಳಿದ: "ಏನಾದ್ರೂ ಸೇವೆ ಮಾಡ್ಬೇಕು ಅಂತ ಮನಸ್ಸಿದ್ರೆ ಒಂದು ಗಂಟೆ ಕಟ್ಟಿಸಿ."

ಗಂಟೆ! ಆ ಮಾತು ಕೇಳಿದ್ದೇ ನನ್ನ ತಲೆಯೊಳಗೆ ಅದು ಬಾರಿಸಿತು. ಯೋಚಿಸಿ ನೋಡಿ. ಕೈ ಮುಗಿಯಲಿಕ್ಕೆ ಸೈಕಲ್ ನಿಲ್ಲಿಸಬೇಕಾಗಿಲ್ಲ. ಆದರೆ ಗಂಟೆ ಹೊಡೆಯಬೇಕಾದರೆ? ನಿಲ್ಲಿಸಬೇಕು, ಇಳಿಯಬೇಕು, ಸ್ಟ್ಯಾಂಡ್ ಹಾಕಬೇಕು, ಕಟ್ಟೆ ಹತ್ತಬೇಕು! ಗಂಟೆ ಕಂಡರೆ ಹೊಡೆಯದೆ ಹೋಗುವ ಮಗು ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಭಕ್ತಿಗೆ ಭಕ್ತಿ, ಬ್ರೇಕಿಗೆ ಬ್ರೇಕು! ಆ ರಾತ್ರಿ ಸರೋಜಳಿಗೆ ಈ ಉಪಾಯವನ್ನು ಮತ್ತೆ ಮತ್ತೆ ವಿವರಿಸಿದೆ. ಅವಳು ಆಕಳಿಸುತ್ತ, "ಗಂಟೆ ಎಲ್ಲಿ ಕಟ್ತೀರಿ?" ಎಂದು ಕೇಳಿದ ಪ್ರಶ್ನೆಗೆ ಆಗ ನಾನು ಮಹತ್ವ ಕೊಡಲಿಲ್ಲ. ಕಟ್ಟೆಯ ಹಿಂದಿನ ಕೊಂಬೆಗಳೆಲ್ಲ ಒಣಗಿದವು, ಗಂಟೆಯ ಭಾರ ತಡೆಯುವಂಥದು ರಸ್ತೆಯ ಅಂಚಿಗೆ ಚಾಚಿದ ಒಂದು ಕೊಂಬೆ ಮಾತ್ರ. ಅದಕ್ಕೇ ಕಟ್ಟಿಸಿದೆವು. ತಿಮ್ಮಪ್ಪ ಕಾಯಿ ಒಡೆದ. ಮೊದಲ ಗಂಟೆ ನಾನೇ ಹೊಡೆದೆ. ಢಣ್ ಎಂಬ ಆ ನಾದ ಇಳಿಜಾರಿನ ಉದ್ದಕ್ಕೂ ಇಳಿದು ಹೋದಾಗ ನನ್ನ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಯಾರನ್ನೋ ಬದುಕಿಸಿದೆ ಎಂಬ ಭಾವನೆ ಬಂತು. ಮೊದಲೆರಡು ದಿನ ಮಕ್ಕಳು ನಿಜಕ್ಕೂ ಸೈಕಲ್ ನಿಲ್ಲಿಸಿ, ಸಾಲಾಗಿ ಕಟ್ಟೆ ಹತ್ತಿ ಗಂಟೆ ಹೊಡೆದರು. ನಾನು ಮರೆಯಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡೆ. ಇನ್ನೇನು ಚಿಂತೆಯಿಲ್ಲ ಎಂದುಕೊಂಡು ಶೃಂಗೇರಿ ಕಡೆಯ ಗಿರಾಕಿಗಳನ್ನು ಹೆದರಿಸಲು ಹೊರಟೆ.

ಶುಕ್ರವಾರ ಕಿಗ್ಗದ ಹತ್ತಿರ ಒಬ್ಬರ ಮನೆಯಲ್ಲಿ ಕೂತಿದ್ದೆ. ಆ ಯಜಮಾನರು ಹಿತ್ತಿಲಿಗೆ ಓಡದೆ ಎದುರಿಗೇ ಕೂತದ್ದು ನೋಡಿ ನನಗೆ ಆಶ್ಚರ್ಯ. ಅವರು ಮೊಬೈಲ್ ತೋರಿಸಲು ಕಾದಿದ್ದರು. "ನಿಮ್ಮೂರ ಚೌಡಿ ಅಲ್ವಾ ಇದು? ಬಸ್ಸಲ್ಲಿ ಕೂತವರು ಯಾರೋ ಹಿಡಿದು ಗ್ರೂಪಿಗೆ ಹಾಕಿದಾರೆ. ಮಕ್ಕಳ ಭಕ್ತಿ ನೋಡಿ ಮಾರಾಯ್ರೇ!"

ನೋಡಿದೆ. ಇಳಿಜಾರಿನಲ್ಲಿ ಒಂದು ಸೈಕಲ್ ಹಾರಿ ಬರುತ್ತಿದೆ. ಹುಡುಗ ಸೀಟು ಬಿಟ್ಟು ಪೆಡಲಿನ ಮೇಲೆ ಎದ್ದು ನಿಂತಿದ್ದಾನೆ. ತಿರುವಿನಲ್ಲಿ ವಾಲುತ್ತ ಒಂದು ಕೈ ಮೇಲೆ ಚಾಚಿ ಢಣ್! ಅವನ ಹಿಂದೆ ಇನ್ನೊಬ್ಬ, ಢಣ್! ಮತ್ತೊಬ್ಬನಿಗೆ ತಪ್ಪಿತು, ದಂಡು ಹೋ ಎಂದಿತು. ನಾನು ಕಟ್ಟಿಸಿದ ಗಂಟೆ ಸರ್ಕಸ್ಸಿನ ಸಾಮಾನಾಗಿತ್ತು. ಆ ಯಜಮಾನರು ಪಾಲಿಸಿಗೆ ಒಪ್ಪಿದರೋ ಇಲ್ಲವೋ ಎಂದು ಕೇಳುವುದನ್ನೂ ಮರೆತು ಎದ್ದು ಬಂದೆ.

ಸಂಜೆ ಚಿನ್ಮಯಿ ಬಂದಾಗ ಬಾಗಿಲಲ್ಲೇ ಕೇಳಿದೆ. "ನೀನೂ ಹೊಡೆದೆಯಾ?"

"ಇಲ್ಲ ಅಜ್ಜಯ್ಯ, ನನಗೆ ಎಟಕೋದಿಲ್ಲ," ಎಂದಳು. ಧ್ವನಿಯಲ್ಲಿ ಇದ್ದದ್ದು ಪಶ್ಚಾತ್ತಾಪವಲ್ಲ, ದುಃಖ.

"ಎಟಕಿದ್ದರೆ? ನನಗೆ ಭಾಷೆ ಕೊಟ್ಟಿದೀಯಲ್ಲ!"

"ಎರಡೂ ಕೈ ಬಿಡಬಾರದು ಅಂದಿದ್ರಿ. ಗಂಟೆಗೆ ಒಂದೇ ಕೈ ಸಾಕು."

ಈ ಹುಡುಗಿ ಮುಂದೆ ವಕೀಲಳಾಗುವುದು ಖಂಡಿತ, ಅಲ್ಲಿಯವರೆಗೆ ಉಳಿದರೆ. ಅವಳಿಗೆ ಎಟಕುವುದಿಲ್ಲವಲ್ಲ ಎಂಬ ಒಂದೇ ಸಮಾಧಾನದಲ್ಲಿ ನಿದ್ದೆ ಮಾಡಿದೆ. ನಾಳೆ ಶನಿವಾರ. ಸುಮಾ ವಾರಕ್ಕೊಮ್ಮೆ ಬರುವ ದಿನ. ಬೆಳಗಿನ ಬಸ್ಸು ಕೊಪ್ಪ ದಾಟಿ ನಮ್ಮ ಏರು ಹತ್ತುವ ಹೊತ್ತಿಗೇ ಮಕ್ಕಳು ಇಳಿಯುವುದು. ಹೇಗಿದ್ದರೂ ಇವಳು ಗಂಟೆಗೆ ಕೈ ಎತ್ತಲಾರಳು, ತಿಮ್ಮಪ್ಪನಿಗೆ ಹೇಳಿ ಹೊತ್ತು ಏರಿದ ಮೇಲೆ ಗಂಟೆ ಬಿಚ್ಚಿಸಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಸ್ನಾನ ಮುಗಿಸಿ, ತಲೆ ಒರೆಸಿದ ಬೈರಾಸನ್ನು ತಲೆಗೇ ಸುತ್ತಿಕೊಂಡು ಕಾಫಿಗೆ ಕೂತೆ. ಸರೋಜ ಲೋಟ ಇಡುತ್ತ ಸುಮ್ಮನೆ ಹೇಳಿದಳು, "ಈ ಕೂಸಿನದು ಎಂತ ಅವಸ್ಥೆಯೋ. ನಿನ್ನೆ ಸಂಜೆ ಪಕ್ಕದ ಮನೆಯಿಂದ ಸ್ಪ್ಯಾನರ್ ತಂದು ಸೈಕಲ್ಲಿನ ಸೀಟು ಎತ್ತರ ಮಾಡ್ಕೊಂಡಿದಾಳೆ. ಹತ್ತೋದಕ್ಕೇ ಕಷ್ಟ ಪಟ್ಟಳು. ಈಗಷ್ಟೇ ಹೋದಳು."

ಸೀಟು ಎತ್ತರ!

ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ. ಸ್ಕೂಟರ್ ಯಾವಾಗ ಚಾಲೂ ಆಯಿತೋ ಗೊತ್ತಿಲ್ಲ. ಲುಂಗಿ ಎತ್ತಿ ಕಟ್ಟಿದವನು ಇಳಿಜಾರಿನ ಮೇಲಿದ್ದೆ! ಗಾಳಿ ಕಿವಿಯಲ್ಲಿ ಊಳಿಡುತ್ತಿತ್ತು. ಇಷ್ಟು ವರ್ಷ ನನ್ನನ್ನು ತಿರಸ್ಕರಿಸಿದ್ದ ನಾಯಿಗಳು ಮೊದಲ ಸಲ ಅಟ್ಟಿಸಿಕೊಂಡು ಬಂದವು, ಓಡಲಾರದೆ ಹಿಂದೆಯೂ ಉಳಿದವು! ದಂಡು ಮೇಲಿನ ಅಂಗಡಿಯ ಹತ್ತಿರ ಒಟ್ಟಾಗುತ್ತಿತ್ತು. ಅವರನ್ನು ದಾಟಿದೆ. ನಿಲ್ಲಿಸಿ ಎಂದು ಕೂಗಿದೆ. ಆ ವೇಗದಲ್ಲಿ ನಾನು ಹೋಗುವುದನ್ನು ಕಂಡು ಅವರು ಹುರಿದುಂಬಿಸುವ ಕೂಗು ಎಂದು ತಿಳಿದರಂತೆ. "ಅಜ್ಜಯ್ಯಾ, ಸೂಪರ್!" ಎಂದು ಉತ್ತರ ಬಂತು, ಹಿಂದೆಯೇ ಸೈಕಲ್ಲುಗಳೂ ಹೊರಟವು.

ತಿರುವಿನಲ್ಲಿ ಸ್ಕೂಟರನ್ನು ಹೇಗೆ ನಿಂತಿತೋ ಹಾಗೆ ಬಿಟ್ಟು ಕಟ್ಟೆ ಹತ್ತಿದೆ. ಗಂಟೆ ಬಿಚ್ಚಲು ಸಮಯವಿಲ್ಲ. ಕಟ್ಟೆಯ ಅಂಚಿನಿಂದ ರಸ್ತೆಯ ಕಡೆಗೆ ಬಾಗಿ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಆಗ ಬಂದಳು. ಎಲ್ಲರಿಗಿಂತ ಮುಂದೆ, ಪೆಡಲಿಗೆ ಕಾಲು ಎಟಕದಷ್ಟು ಎತ್ತರ ಮಾಡಿದ ಸೀಟಿನ ಮೇಲೆ ನೆಟ್ಟಗೆ ಕೂತು, ಜಡೆ ಹಾರಿಸಿಕೊಂಡು, ಕೈ ಎತ್ತಲು ಸಿದ್ಧಳಾಗಿ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ. ಗಂಟೆಯ ಜಾಗದಲ್ಲಿ ಅಜ್ಜ ನೇತಾಡುತ್ತಿರುವುದು ಕಂಡಿತು. ಎತ್ತಬೇಕಾದ ಕೈ ಕೆಳಗೆ ಬಂತು, ಎರಡೂ ಕೈ ಸೇರಿ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿದವು. ಹಿಂದಿನ ಚಕ್ರ ಕಿರ್ರೆಂದು ಅಡ್ಡ ತಿರುಗಿತು. ಸೈಕಲ್ ಒಂದು ಕಡೆ, ಹುಡುಗಿ ಒಂದು ಕಡೆ, ಚರಂಡಿಯ ಹುಲ್ಲಿನೊಳಗೆ. ಅದೇ ಗಳಿಗೆಗೆ ತಿರುವಿನಾಚೆಯಿಂದ ಬಸ್ಸಿನ ಮೂತಿ ಬಂತು, ಬುಸ್ಸೆಂದು ನಿಂತಿತು.

ಎಲ್ಲ ನಿಶ್ಶಬ್ದ. ಆ ನಿಶ್ಶಬ್ದವನ್ನು ನಾನು ಯಾವ ಗಿರಾಕಿಗೂ ವರ್ಣಿಸಿ ಹೇಳಲಾರೆ, ಹೇಳುವುದೂ ಇಲ್ಲ. ಆಮೇಲೆ ಹುಲ್ಲಿನೊಳಗಿಂದ ಒಂದು ತಲೆ ಎದ್ದಿತು. ಮೊಣಕೈ ತರಚಿತ್ತು, ಜಡೆಯಲ್ಲಿ ಹುಲ್ಲು ಸಿಕ್ಕಿತ್ತು.

"ಅಜ್ಜಯ್ಯ, ಎಂತ ಆಯ್ತು ನಿಮಗೆ?" ಎಂದು ಕೇಳಿದಳು. ನಾನು ಇನ್ನೂ ಗಂಟೆಯನ್ನು ತಬ್ಬಿಕೊಂಡೇ ಇದ್ದೆ. ಬಿಟ್ಟರೆ ಬೀಳುತ್ತಿದ್ದೆ.

ಬಸ್ಸಿನಿಂದ ಸುಮಾ ಇಳಿದಳು. ಮಗಳ ಕೈಕಾಲು ಮುಟ್ಟಿ ಮುಟ್ಟಿ ನೋಡಿ, ಮುರಿದದ್ದು ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು, ಬಾಯಿಗೆ ಮಾತು ಬಂತು. "ಕೈ ಬಿಟ್ಟಿದ್ಯಾ?"

"ಇಲ್ಲಮ್ಮ. ಬ್ರೇಕ್ ಹಿಡಿದದ್ದಕ್ಕೇ ಬಿದ್ದದ್ದು." ಇದು ಅಕ್ಷರಶಃ ನಿಜ. ಕೈ ಬಿಟ್ಟು ಎಷ್ಟೋ ದಿನ ಹೋದಾಗ ಬೀಳದವಳು, ಎರಡೂ ಕೈಯಲ್ಲಿ ಬ್ರೇಕ್ ಹಿಡಿದ ದಿನ ಬಿದ್ದಳು. ಅವಳನ್ನು ಬೀಳಿಸಿದ್ದು ರಸ್ತೆ ಸುರಕ್ಷತೆಯ ಬಗ್ಗೆ ಭಾಷಣ ಮಾಡಿದ ನಾನು.

ಅಲ್ಲಿಗೆ ನಾನು ಸುಮ್ಮನಿದ್ದರೆ ಸೈಕಲ್ ಉಳಿಯುತ್ತಿತ್ತು. ಚಿನ್ಮಯಿ ನನ್ನನ್ನೇ ನೋಡುತ್ತಿದ್ದಳು. ಆದರೆ ಬಸ್ಸಿನ ಮೂತಿಗೂ ಆ ಹುಲ್ಲಿಗೂ ನಡುವೆ ಎಷ್ಟು ಜಾಗವಿತ್ತು ಎಂದು ನಾನೂ ನೋಡಿದ್ದೆ. ಎಲ್ಲವನ್ನೂ ಹೇಳಿಬಿಟ್ಟೆ: ಕೈ ಮುಗಿದದ್ದು, ಗಂಟೆ, ಎತ್ತರ ಮಾಡಿದ ಸೀಟು. ದಂಡಿನ ಮಕ್ಕಳು ತಲೆ ತಗ್ಗಿಸಿ ನಿಂತರು. ಚಿನ್ಮಯಿಯ ಕಣ್ಣು ತುಂಬಿತು, ಬಿದ್ದಾಗ ತುಂಬಿರಲಿಲ್ಲ.

"ಗಂಟೆ ಕಟ್ಟಿದ್ದು ಯಾರು?" ಎಂದಳು ಸುಮಾ.

"ನಾನು."

ಆಗ ಶೇಖರಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಸುಮಕ್ಕ, ಒಂದು ಮಾತು. ನಾನೂ ಆ ಹೊತ್ತಿಗೆ ಒಂದು ಕೈ ಹಣೆ ಮೇಲೆ ಇಟ್ಟಿದ್ದೆ. ರಸ್ತೆ ನಡುವೆ ಈ ಸ್ಕೂಟರ್ ಅಡ್ಡ ನಿಂತದ್ದು ಕಂಡು ಬ್ರೇಕ್ ತುಳಿದೆ. ಯಾರದ್ದು ಮಾರಾಯ್ರೇ ಇದು, ತಿರುವಲ್ಲಿ ಹೀಗೆ ನಿಲ್ಲಿಸೋದಾ?"

ಎಲ್ಲರೂ ಸ್ಕೂಟರ್ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಪ್ಪಯ್ಯ, ಹೆಲ್ಮೆಟ್ ಎಲ್ಲಿ?" ಎಂದಳು ಸುಮಾ. ತಲೆ ಮುಟ್ಟಿ ನೋಡಿಕೊಂಡೆ. ಬೈರಾಸು ಇತ್ತು.

ತೀರ್ಪು ಸ್ಥಳದಲ್ಲೇ ಹೊರಬಿತ್ತು. ಗಂಟೆಯನ್ನು ಕಟ್ಟೆಯ ಹಿಂದೆ ಕಂಬ ನೆಟ್ಟು ಅಲ್ಲಿಗೆ ಕಟ್ಟಬೇಕು. ಸೈಕಲ್ ಅಟ್ಟಕ್ಕೆ ಹೋಗುವುದಿಲ್ಲ, ಆದರೆ ಸೀಟು ಇಳಿಯಬೇಕು, ಮತ್ತು ಮೇಲಿನ ಅಂಗಡಿಯಿಂದ ಚೌಡಿ ತಿರುವು ದಾಟುವವರೆಗೆ ಚಿನ್ಮಯಿ ಸೈಕಲ್ ತಳ್ಳಿಕೊಂಡು ನಡೆಯಬೇಕು. ಅದನ್ನು ನೋಡಿಕೊಳ್ಳಲು ಅಜ್ಜಯ್ಯ ಜೊತೆಗೆ ನಡೆಯಬೇಕು. "ಅವರಿಗೆ ಪುರುಸೊತ್ತು ಇರ್ತದೆ," ಎನ್ನುತ್ತ ಸ್ಕೂಟರಿನ ಕೀಲಿಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಹೀಗಾಗಿ ಈಗ ದಿನಾ ಬೆಳಿಗ್ಗೆ ನಮ್ಮ ಮೆರವಣಿಗೆ ಹೊರಡುತ್ತದೆ. ಚಿನ್ಮಯಿ ಒಬ್ಬಳೇ ನಡೆದರೆ ಮರ್ಯಾದೆಯಲ್ಲ ಎಂದು ದಂಡಿನವರೂ ತಿರುವಿನವರೆಗೆ ತಳ್ಳಿಕೊಂಡೇ ಬರುತ್ತಾರೆ. ಅಂದು ಬಸ್ಸಿನ ಮೂತಿ ಅವರಿಗೂ ಕಂಡಿತ್ತು. ಕಟ್ಟೆ ಹತ್ತಿ, ನೆಲದ ಮೇಲೆ ಕಾಲಿಟ್ಟು, ಎರಡೂ ಕೈಯಲ್ಲಿ ಮುಗಿದು, ಗಂಟೆ ಹೊಡೆದು ಹೋಗುತ್ತಾರೆ. ಅಭ್ಯಾಸಕ್ಕೆ ತಡವಾಗಬಾರದೆಂದು ನಾವು ಬೇಗ ಹೊರಡುತ್ತೇವೆ. ಚಿನ್ಮಯಿ ತಂಡದಲ್ಲಿ ಇದ್ದಾಳೆ. ತಿರುವು ದಾಟಿದ ಮೇಲೆ ಉಳಿದ ಇಳಿಜಾರು ನೇರ. ಅಲ್ಲಿಂದ ಅವಳು ಸೈಕಲ್ ಹತ್ತುತ್ತಾಳೆ, ನಾನು ಕೊಪ್ಪದವರೆಗೆ ನಡೆದು ಗಿರಾಕಿಗಳನ್ನು ಹುಡುಕುತ್ತೇನೆ.

ಮೊನ್ನೆ ದಂಡಿನವರು ಮುಂದೆ ಹೋಗಿದ್ದರು. ಚಿನ್ಮಯಿ ಸೈಕಲ್ ನಿಲ್ಲಿಸಿ ಹಿಂದೆ ತಿರುಗಿದಳು. "ಬಿಸಿಲಾಯ್ತು, ಕೂತ್ಕೊಳ್ಳಿ ಅಜ್ಜಯ್ಯ. ಕೆಳಗೆ ಬಿಡ್ತೀನಿ. ಎರಡೂ ಬ್ರೇಕ್ ಹಿಡಿದೇ ಇಳ್ಸ್ತೀನಿ, ಹೆದರಬೇಡಿ."

ಇದು ಕಾನೂನಿಗೆ ವಿರುದ್ಧ, ವಯಸ್ಸಿಗೆ ವಿರುದ್ಧ, ನಾನು ಶಾಲೆಯಲ್ಲಿ ಮಾಡಿದ ಭಾಷಣಕ್ಕೆ ವಿರುದ್ಧ ಎಂದು ಮನಸ್ಸಿನಲ್ಲೇ ಎಣಿಸುತ್ತ ಕ್ಯಾರಿಯರ್ ಮೇಲೆ ಕೂತೆ. ಬ್ಯಾಗನ್ನು ಎದೆಗೆ ಅವಚಿಕೊಂಡೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಂಡೆ. ಸ್ಕೂಟರ್ ಇಲ್ಲದಿದ್ದರೂ ಅದನ್ನು ಈಗ ಮನೆಯಿಂದಲೇ ಹಾಕಿಕೊಂಡು ಹೊರಡುತ್ತೇನೆ. ಸೈಕಲ್ ಹೊರಟಿತು. ಬ್ರೇಕಿನ ರಬ್ಬರು ಕೀಚು ಕೀಚು ಎನ್ನುತ್ತ, ಗದ್ದೆ ಬಯಲಿನ ಗಾಳಿ ಮೆಲ್ಲಗೆ ಮುಖಕ್ಕೆ ತಾಗುತ್ತ, ನಾವು ಎತ್ತಿನಗಾಡಿಯ ಗಾಂಭೀರ್ಯದಿಂದ ಇಳಿಯತೊಡಗಿದೆವು. ಒಂದಷ್ಟು ದೂರ ಹೋದ ಮೇಲೆ ಯಾರೋ ಸ್ಪಷ್ಟವಾಗಿ ಹೇಳಿದ್ದು ಕೇಳಿತು: "ಅಷ್ಟು ಬಿಗಿಯಾಗಿ ಎಂತಕ್ಕೆ ಹಿಡೀತೀಯೆ? ಸ್ವಲ್ಪ ಬಿಡು."

ಇಷ್ಟು ಬೇಜವಾಬ್ದಾರಿಯ ಮಾತು ಆಡಿದವನು ಯಾರು ಎಂದು ಹಿಂದೆ ಮುಂದೆ ತಿರುಗಿ ನೋಡಿದೆ. ರಸ್ತೆಯಲ್ಲಿ ನಮ್ಮಿಬ್ಬರ ಹೊರತು ನರಪಿಳ್ಳೆಯೂ ಇರಲಿಲ್ಲ, ಮತ್ತು ಚಿನ್ಮಯಿಯ ಬಾಯಿ ಮುಚ್ಚಿತ್ತು.